ಊರಿನ ನೆಟ್‌ವರ್ಕಿಗೆ ವಂತಿಗೆ: ಮಲೆನಾಡಿನಲ್ಲಿ ಸಮುದಾಯ ಕಂಪ್ಯೂಟರ್ ಜಾಲಕ್ಕೆ ಹಣ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಗುಡ್ಡದ ಮೇಲೆ ಇಂಟರ್ನೆಟ್ ಸಂಕೇತ ಸಾಗಿಸುವ ರೇಡಿಯೋ ಕೂರಿಸಲು ದಾನಿ ಸಿಗುತ್ತಾರೆ. ಮೂರು ಮಳೆಗಾಲ ಕಳೆದು ಬ್ಯಾಟರಿ ಸತ್ತಾಗ ಅದನ್ನು ಬದಲಿಸಿಕೊಡುವ ದಾನಿ ಸಿಗುವುದು ಕಷ್ಟ. ಊರವರೇ ಕಟ್ಟಿಕೊಂಡ ಎಷ್ಟೋ ಜಾಲಗಳು ಸಾಯುವುದು ಈ ಎರಡರ ನಡುವೆ. ಉದ್ಘಾಟನೆಯ ದಿನದ ಉತ್ಸಾಹಕ್ಕೆ ತಕ್ಕಷ್ಟು ಹಣ ಬಂದಿರುತ್ತದೆ, ಐದನೇ ವರ್ಷದ ಖರ್ಚನ್ನು ಯಾರೂ ಬರೆದಿಟ್ಟಿರುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ವಿಶ್ವವಿದ್ಯಾಲಯವೊಂದರ ಆಸರೆಯಲ್ಲಿ 1986ರಲ್ಲಿ ಶುರುವಾದ ಫ್ರೀ-ನೆಟ್ ಈ ಬಗೆಯ ಉಚಿತ ಸಮುದಾಯ ಜಾಲಗಳಿಗೆ ಮಾದರಿಯಾಗಿತ್ತು. 1999ರಲ್ಲಿ ಅದೂ ಬಾಗಿಲು ಹಾಕಿತು. 2004ರಲ್ಲಿ ಸ್ಪೇನಿನ ಕೆಟಲೋನಿಯಾದ ಹಳ್ಳಿಗಾಡಿನಲ್ಲಿ ಹುಟ್ಟಿದ ಗುಯಿಫಿ ಜಾಲದಲ್ಲಿ ಬಳಸುವವರೇ ಸಲಕರಣೆಗೂ ನಿರ್ವಹಣೆಗೂ ಪಾಲು ಹಾಕುತ್ತ ಬಂದರು, ಅದು ಇಂದಿಗೂ ನಡೆಯುತ್ತಿದೆ.

ಆದ್ದರಿಂದ ಇಲ್ಲಿ ಹೇಳುವ ಎಲ್ಲ ಹಂತಗಳೂ ಒಂದೇ ಗುರಿಯವು: ದೊಡ್ಡ ಹಣ ಒಮ್ಮೆ ಬರಲಿ, ಸಣ್ಣ ಹಣ ಪ್ರತಿವರ್ಷ ಬರಲಿ, ಜಾಲದ ಉಸಿರು ಸಣ್ಣ ಹಣದ ಮೇಲೆ ನಿಂತಿರಲಿ.

ಮೊದಲು ಲೆಕ್ಕ, ಆಮೇಲೆ ರಸೀದಿ ಪುಸ್ತಕ

ಯಾರ ಮನೆ ಬಾಗಿಲಿಗೂ ಹೋಗುವ ಮೊದಲು ಖರ್ಚನ್ನು ಮೂರು ಭಾಗ ಮಾಡಿ: ಕಟ್ಟುವ ಖರ್ಚು, ನಡೆಸುವ ಖರ್ಚು, ಬದಲಿಸುವ ಖರ್ಚು. ಮೊದಲ ಎರಡನ್ನು ಎಲ್ಲರೂ ಬರೆಯುತ್ತಾರೆ. ಮೂರನೆಯದನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ನೀರ ಮೇಲಿನ ಬರಹ.

ತೀರ್ಥಹಳ್ಳಿ ಅಥವಾ ಹೊಸನಗರದ ಕಡೆಯ ಒಂದು ಪಂಚಾಯಿತಿ ವ್ಯಾಪ್ತಿಯ ಜಾಲ ಎಂದುಕೊಳ್ಳಿ: ಗುಡ್ಡದ ಮೇಲೆ ಒಂದು ಕಂಬ, ನಡುವೆ ನಾಲ್ಕು ಮರುಪ್ರಸಾರದ ತಾಣ, 60 ಮನೆ, ಗ್ರಂಥಾಲಯದಲ್ಲಿ ಆರು ಕಂಪ್ಯೂಟರ್ ಮತ್ತು ಒಂದು ಸರ್ವರ್. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಇಟ್ಟವು. ನಿಮ್ಮ ಅಂಕಿಗಳನ್ನು ಶಿವಮೊಗ್ಗದ ಕನಿಷ್ಠ ಮೂರು ಅಂಗಡಿಗಳ ದರಪಟ್ಟಿ ತರಿಸಿ ಬರೆಯಿರಿ.

ಕಟ್ಟುವ ಖರ್ಚು, ಒಮ್ಮೆ ಮಾತ್ರ:
- ಜಿಐ ಪೈಪಿನ ಕಂಬ, ಕಾಂಕ್ರೀಟು, ಅರ್ಥಿಂಗ್, ಸಿಡಿಲು ತಡೆ: 45,000
- ರೇಡಿಯೋ 10, ತಲಾ 8,000: 80,000
- ಗುಡ್ಡದ ಸೋಲಾರ್ ಮತ್ತು ಬ್ಯಾಟರಿ: 60,000
- ನಾಲ್ಕು ತಾಣಗಳ ಬ್ಯಾಟರಿ ವ್ಯವಸ್ಥೆ: 40,000
- ಸರ್ವರ್ ಮತ್ತು ಆರು ಕಂಪ್ಯೂಟರ್: 1,25,000

ಒಟ್ಟು 3,50,000 ರೂಪಾಯಿ. ಮನೆಯೊಳಗಿನ ರೇಡಿಯೋ ಮತ್ತು ರೂಟರ್ ಇದರಲ್ಲಿ ಸೇರಿಲ್ಲ. ಅದನ್ನು ಮನೆಯವರೇ ಕೊಳ್ಳಲಿ. ಪುಕ್ಕಟೆ ಕೊಟ್ಟ ರೂಟರ್ ಅಟ್ಟ ಸೇರುತ್ತದೆ, ದುಡ್ಡು ಕೊಟ್ಟು ತಂದದ್ದಕ್ಕೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸುತ್ತಾರೆ. ನಿಜವಾಗಿಯೂ ಕೈಲಾಗದ ಮನೆಗಳಿಗೆ ಬೇರೆ ನಿಧಿ ಇಡಿ, ಆದರೆ ಯಾರಿಗೆ ಕೊಟ್ಟಿರಿ ಎಂಬುದನ್ನು ಊರ ಮುಂದೆ ಓದಬೇಡಿ.

ನಡೆಸುವ ಖರ್ಚು ವರ್ಷಕ್ಕೆ: ಇಂಟರ್ನೆಟ್ ಲೈನಿಗೆ ತಿಂಗಳಿಗೆ 9,000ದಂತೆ 1,08,000, ನೋಡಿಕೊಳ್ಳುವ ಹುಡುಗ ಅಥವಾ ಹುಡುಗಿಗೆ ತಿಂಗಳಿಗೆ 8,000ದಂತೆ 96,000, ಕರೆಂಟು 12,000, ಆಡಿಟ್ 15,000, ಓಡಾಟ ಮತ್ತು ಚಿಲ್ಲರೆ 9,000. ಒಟ್ಟು 2,40,000. ಅರವತ್ತು ಮನೆಯವರು ತಿಂಗಳಿಗೆ 250 ಹಾಕಿದರೆ 1,80,000 ಬಂತು. ಕೊರತೆ 60,000.

ಬದಲಿಸುವ ಖರ್ಚನ್ನು ಹೀಗೆ ಕಟ್ಟಿ. ಗುಡ್ಡದ ಬ್ಯಾಟರಿ 20,000, ನಾಲ್ಕು ವರ್ಷ ಬಾಳುತ್ತದೆ ಎಂದಿಟ್ಟರೆ ವರ್ಷಕ್ಕೆ 5,000. ತಾಣಗಳ ಬ್ಯಾಟರಿ 24,000, ಮೂರು ವರ್ಷ, ಅಂದರೆ 8,000. ರೇಡಿಯೋ 80,000, ಐದು ವರ್ಷ, 16,000. ಕಂಪ್ಯೂಟರ್ ಮತ್ತು ಸರ್ವರಿಗೆ ಐದು ವರ್ಷ, 25,000. ಸಿಡಿಲಿಗೆಂದೇ ಎತ್ತಿಡುವುದು 16,000. ಒಟ್ಟು 70,000.

ಈಗ ನಿಮ್ಮ ನಿಜವಾದ ಗುರಿ ಕಣ್ಣಿಗೆ ಬಿತ್ತು: ಈ ವರ್ಷ 3,50,000 ಮತ್ತು 1,30,000 ಸೇರಿ 4,80,000, ಮುಂದೆ ಪ್ರತಿವರ್ಷ 1,30,000. ಎರಡನೇ ಅಂಕಿಯನ್ನು ಮೊದಲ ಸಭೆಯಲ್ಲೇ ಗಟ್ಟಿಯಾಗಿ ಹೇಳಿ. ಅದನ್ನು ಬಚ್ಚಿಟ್ಟು ಕಟ್ಟಿದ ಜಾಲಕ್ಕೆ ಎರಡನೇ ವರ್ಷ ಕೇಳಲು ಹೋದಾಗ "ಮತ್ತೆ ಬಂದ್ರಾ?" ಎನ್ನುವ ಮಾತು ಕೇಳಿಬರುತ್ತದೆ.

ಬ್ಯಾಟರಿಯ ಬಗ್ಗೆ ಇಲ್ಲೇ ಒಂದು ಮಾತು, ಏಕೆಂದರೆ ನೀವು ಹಣ ಕೇಳುವುದು ಹೆಚ್ಚಾಗಿ ಅದರ ಹೆಸರಿನಲ್ಲಿ. ಗುಡ್ಡದಲ್ಲಿ ಎರಡು ರೇಡಿಯೋ ತಲಾ 8 ವ್ಯಾಟ್, ಸ್ವಿಚ್ 4 ವ್ಯಾಟ್, ಒಟ್ಟು 20. ದಿನಕ್ಕೆ 480 ವ್ಯಾಟ್-ಅವರ್. ಆಷಾಢದ ಮಳೆಯಲ್ಲಿ ಮೂರು ದಿನ ಸೂರ್ಯನ ಮುಖವೇ ಕಾಣದಿದ್ದರೂ ನಡೆಯಬೇಕಾದರೆ 1,440 ಬೇಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1,800 ಇದೆ, ಅದರಲ್ಲಿ ನೂರಕ್ಕೆ 80ರಷ್ಟು ಬಳಸಿದರೆ ಸರಿಯಾಗಿ 1,440. "ಬ್ಯಾಟರಿ ಬೇಕು" ಎನ್ನುವ ಬದಲು ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತೋಟದ ಪಂಪಿನ ಎಚ್‌ಪಿ ಲೆಕ್ಕ ಹಾಕುವ ಜನರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಂಜು ಮುಸುಕುವ ಆಗುಂಬೆ ಸೆರಗಿನ ಗುಡ್ಡಗಳಲ್ಲಿ ಮೂರು ದಿನದ ಲೆಕ್ಕವೂ ಸಾಲದು, ಐದಕ್ಕೆ ಹಾಕಿ.

ಕಾನೂನಿನ ಗಟ್ಟಿ ನೆಲ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಏಳೂ ಜನ ಒಂದೇ ಕೇರಿಯವರಾಗದಂತೆ, ಒಂದೇ ಮನೆತನದವರಾಗದಂತೆ ನೋಡಿಕೊಳ್ಳಿ. ಮುಂದೆ ಹಣ ಕೇಳಲು ಹೋಗುವಾಗ ಇದರ ಬೆಲೆ ಗೊತ್ತಾಗುತ್ತದೆ. ಸಂಘದ ಹೆಸರಲ್ಲಿ ಪ್ಯಾನ್, ಇಬ್ಬರ ಸಹಿಯಿದ್ದರೆ ಮಾತ್ರ ಹಣ ತೆಗೆಯಬಹುದಾದ ಬ್ಯಾಂಕ್ ಖಾತೆ, ಆ ಖಾತೆಗೇ ಜೋಡಿಸಿದ ಯುಪಿಐ ಕ್ಯೂಆರ್. ಖಜಾಂಚಿಯ ಸ್ವಂತ ಫೋನ್ ನಂಬರಿಗೆ ಒಂದು ರೂಪಾಯಿಯೂ ಬರಬಾರದು, "ಸಂಘದ ಖಾತೆ ಆಗೋವರೆಗೆ" ಎಂಬ ನೆಪದಲ್ಲೂ ಬರಬಾರದು. ಪ್ರಾಮಾಣಿಕ ಮನುಷ್ಯರ ಮೇಲೆ ಊರಲ್ಲಿ ಮಾತು ಹುಟ್ಟುವುದು ಈ ದಾರಿಯಲ್ಲೇ.

ನಂತರ ಆದಾಯ ತೆರಿಗೆಯ 12ಎಬಿ (ಸಂಘದ ವರಮಾನಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ಕಡಿತ) ನೋಂದಣಿ. ಹೊಸ ಸಂಘಕ್ಕೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಅದನ್ನು ಕಾಯಂ ಮಾಡಿಸುವ ಅರ್ಜಿಯನ್ನು ಕೆಲಸ ಶುರುವಾದ ಆರು ತಿಂಗಳೊಳಗೆ ಅಥವಾ ಅವಧಿ ಮುಗಿಯಲು ಆರು ತಿಂಗಳಿರುವಾಗ, ಯಾವುದು ಮೊದಲು ಬರುತ್ತದೋ ಆಗ ಹಾಕಬೇಕು. "ಮೂರು ವರ್ಷ ಇದೆಯಲ್ಲ" ಎಂದು ಕೂತವರು ಜಾರುವುದು ಇಲ್ಲಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಆಗಿರುವುದರಿಂದ ಕಲಂ ಮತ್ತು ಫಾರಂ ಸಂಖ್ಯೆಗಳು ಬದಲಾಗುತ್ತವೆ. ಇಲ್ಲಿ ಎಲ್ಲರ ಬಾಯಲ್ಲಿರುವ ಹಳೆಯ ಹೆಸರನ್ನೇ ಬಳಸಿದ್ದೇವೆ. ಅರ್ಜಿ ಹಾಕುವಾಗ ಆಡಿಟರ್ ಬಳಿ ಹೊಸ ಸಂಖ್ಯೆ ಕೇಳಿ ಬರೆಯಿರಿ.

ಇನ್ನು ಹೆಚ್ಚಿನವರು ಎಡವುವ ಜಾಗ. ಬಳಕೆದಾರರು ತಿಂಗಳಿಗೆ ಕೊಡುವ 250 ರೂಪಾಯಿ ದಾನವಲ್ಲ, ಸೇವೆಯ ಶುಲ್ಕ. ಅದಕ್ಕೆ 80ಜಿ ರಸೀದಿ ಹರಿದರೆ ತಪ್ಪು. ಇನ್ನೊಂದು ತೊಡಕೂ ಇದೆ. "ಸಾರ್ವಜನಿಕ ಉಪಯೋಗ" ಎಂಬ ಉದ್ದೇಶದಡಿ ನೋಂದಾಯಿಸಿದ ಸಂಘಕ್ಕೆ ವ್ಯಾಪಾರದ ಸ್ವರೂಪದ ಶುಲ್ಕ ಒಟ್ಟು ವರಮಾನದ ನೂರಕ್ಕೆ 20ನ್ನು ಮೀರಿದರೆ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ಮೇಲಿನ ಉದಾಹರಣೆಯಲ್ಲಿ ಎರಡನೇ ವರ್ಷದಿಂದ ಶುಲ್ಕ 1,80,000, ದಾನ 1,30,000. ಶುಲ್ಕವೇ ಅರ್ಧಕ್ಕಿಂತ ಹೆಚ್ಚು. ಜೊತೆಗೆ, ಮನೆಗೆಂದು ತೆಗೆದುಕೊಂಡ ಬ್ರಾಡ್‌ಬ್ಯಾಂಡನ್ನು ಪರವಾನಗಿಯಿಲ್ಲದೆ ಹಂಚಿ ಹಣ ಪಡೆಯುವಂತಿಲ್ಲ. ಎರಡಕ್ಕೂ ಒಂದೇ ಮದ್ದು: ಇಂಟರ್ನೆಟ್ಟಿನ ಶುಲ್ಕ ಸಂಘದ ಖಾತೆಗೆ ಬಾರದಿರಲಿ. ಪರವಾನಗಿಯಿರುವ ಸ್ಥಳೀಯ ಇಂಟರ್ನೆಟ್ ಕಂಪನಿ ಮನೆಗಳಿಂದ ನೇರ ಪಡೆದು ಲೈನು ಮತ್ತು ನಿರ್ವಹಣೆ ನೋಡಿಕೊಳ್ಳಲಿ, ಅಥವಾ ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ವ್ಯವಸ್ಥೆಯಲ್ಲಿ ಊರಿನ ಅಂಗಡಿಯವರೊಬ್ಬರು ಸಾರ್ವಜನಿಕ ಡೇಟಾ ಕಚೇರಿ ತೆರೆಯಲಿ. ಅದಕ್ಕೆ ಪರವಾನಗಿ ಬೇಡ; ನೋಂದಾಯಿತ ಸಂಯೋಜಕ ಸಂಸ್ಥೆಯೊಂದರ ಜೊತೆ ಒಪ್ಪಂದ ಇದ್ದರೆ ಸಾಕು. ಸಂಘ ದಾನದ ಹಣದಲ್ಲಿ ಗ್ರಂಥಾಲಯ, ಶಾಲೆಯ ತರಬೇತಿ, ಗುಡ್ಡದ ತಾಣ, ಬಡ ಮನೆಗಳ ನೆರವು ಇವನ್ನು ಹೊತ್ತುಕೊಳ್ಳಲಿ. ಸಂಘದ ಉದ್ದೇಶಗಳನ್ನು ಬರೆಯುವ ಮೊದಲೇ ಈ ಹಂಚಿಕೆಯನ್ನು ಆಡಿಟರ್ ಜೊತೆ ಕೂತು ತೀರ್ಮಾನಿಸಿ. ಬರೆದ ಮೇಲೆ ತಿದ್ದುವುದು ತಿಂಗಳುಗಟ್ಟಲೆ ಓಡಾಟ.

ಯಾರು ಕೊಡುತ್ತಾರೆ, ಏಕೆ ಕೊಡುತ್ತಾರೆ

ಒಂದು ದೊಡ್ಡ ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ತೆಗೆದುಕೊಂಡು ಇನ್ನೂರು ಹೆಸರು ಬರೆಯಿರಿ. ಕಾಲಂಗಳು: ಹೆಸರು, ಮನೆ ಇರುವ ಊರು, ಈಗ ಇರುವ ಊರು, ಪೌರತ್ವ, ನಮ್ಮಲ್ಲಿ ಅವರಿಗೆ ಹತ್ತಿರದವರು ಯಾರು, ಏನನ್ನು ಕಂಡರೆ ಅವರಿಗೆ ಪ್ರೀತಿ, ಎಷ್ಟು ಕೇಳಬೇಕು, ಯಾವಾಗ ಕೇಳಿದೆವು, ಏನಂದರು, ಯಾವಾಗ ಕೊಟ್ಟರು, ಧನ್ಯವಾದ ಯಾವಾಗ ಹೇಳಿದೆವು. "ಹತ್ತಿರದವರು" ಎಂಬ ಕಾಲಂ ಖಾಲಿ ಇರುವ ಹೆಸರನ್ನು ಪಟ್ಟಿಯ ಕೊನೆಗೆ ತಳ್ಳಿ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ 80ಜಿ ತೋರಿಸಿ ಪ್ರಯೋಜನವಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ, ಉಳಿಸುವ ತೆರಿಗೆ ಎಲ್ಲಿಂದ ಬರಬೇಕು? ಅವರಿಗೆ ಮುಖ್ಯವಾದದ್ದು ಕೈಗೆ ಬರುವ ರಸೀದಿ, ಲೆಕ್ಕ ಓದುವ ಮಹಾಸಭೆ, ಮಳೆಯಲ್ಲಿ ಕರೆಂಟು ಹೋದ ರಾತ್ರಿಯೂ ಮಗಳ ಜೊತೆ ಮಾತಾಡಲು ಆಗುವುದು. ಬೆಂಗಳೂರಿನಲ್ಲಿ ಸಂಬಳಕ್ಕಿರುವವರಿಗೂ ತೆರಿಗೆಯ ಆಸೆ ಈಗ ಕಡಿಮೆ: ತಾನಾಗಿ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ಕಡಿತ ಇಲ್ಲ. ಹಳೆಯ ಪದ್ಧತಿಯಲ್ಲಿ ನೂರಕ್ಕೆ 30ರ ಹಂತದಲ್ಲಿರುವವರು 10,000 ಕೊಟ್ಟರೆ ಅರ್ಧಕ್ಕೆ ಕಡಿತ ಸಿಕ್ಕಿ, ಸೆಸ್ ಸೇರಿ ಉಳಿಯುವುದು ಸುಮಾರು 1,560 ರೂಪಾಯಿ. ಕೇಳಿದರೆ ಹೇಳಿ, ಅದನ್ನೇ ಮುಂದಿಟ್ಟು ಕೇಳಬೇಡಿ.

ಬೆಂಗಳೂರಿನ ಮಕ್ಕಳು ಕೊಡುವುದು ಊರಲ್ಲಿರುವ ಅಪ್ಪ-ಅಮ್ಮನಿಗಾಗಿ. ವಿಡಿಯೋ ಕರೆ, ಔಷಧಿ ಅಂಗಡಿಗೆ ಕಳಿಸುವ ಚೀಟಿ, ಡಾಕ್ಟರ ಜೊತೆ ಮಾತು. ಅವರಿಗೆ ಬರೆಯುವ ಪತ್ರದಲ್ಲಿ "ಡಿಜಿಟಲ್ ಕ್ರಾಂತಿ" ಎಂಬ ಪದ ಬಂದರೆ ಹರಿದುಹಾಕಿ ಮತ್ತೆ ಬರೆಯಿರಿ. ಹೀಗಿರಲಿ:

"ರಮೇಶಣ್ಣ, ನಮಸ್ಕಾರ. ಮೇಲಿನಕೇರಿ ತಾಣದ ಬ್ಯಾಟರಿ ಹೋದ ಕಾರಣ ಕಳೆದ ಜುಲೈಯಲ್ಲಿ ನಿಮ್ಮ ಮನೆಯೂ ಸೇರಿ 14 ಮನೆಗಳಿಗೆ ಒಂಬತ್ತು ದಿನ ಸಂಪರ್ಕ ಇರಲಿಲ್ಲ. ಹೊಸ ಬ್ಯಾಟರಿ, ಚಾರ್ಜರ್ ಸೇರಿ 6,000 ಆಗುತ್ತದೆ. ಮೇ ಮುಗಿಯುವುದರೊಳಗೆ ಹಾಕಬೇಕು. ಇದನ್ನು ನೀವು ವಹಿಸಿಕೊಳ್ಳುತ್ತೀರಾ? ಸಂಘದ ಖಾತೆಯ ವಿವರ ಕೆಳಗಿದೆ. ಹಾಕಿದ ದಿನ ಫೋಟೋ ಕಳಿಸುತ್ತೇವೆ."

ಇಷ್ಟೇ. ಹೆಸರು, ತಾಣ, ಮೊತ್ತ, ಗಡುವು ಒಂದೊಂದೂ ಇದೆ. ವಾಟ್ಸ್‌ಆ್ಯಪ್ ಗುಂಪಿಗೆ ಇದನ್ನು ಹಾಕಬೇಡಿ. ಗುಂಪಿನಲ್ಲಿ ಕೇಳಿದ್ದನ್ನು ಎಲ್ಲರೂ ಓದಿ, ಇನ್ನೊಬ್ಬರು ಕೊಡುತ್ತಾರೆಂದು ಸುಮ್ಮನಾಗುತ್ತಾರೆ. ಒಬ್ಬೊಬ್ಬರಿಗೇ ಕಳಿಸಿ, ಮೂರನೇ ದಿನ ಫೋನ್ ಮಾಡಿ.

ಹೊರದೇಶದಲ್ಲಿ ಇರುವವರ ವಿಚಾರದಲ್ಲಿ ಬಹಳ ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆ ಆಗುವುದಿಲ್ಲ. ಅದೇ ಮನೆಯ ಅಣ್ಣ ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡಿದ್ದರೆ ಆತ ವಿದೇಶಿ ಮೂಲ. ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಪಡೆಯುವಂತಿಲ್ಲ. ಆ ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಕಾರ್ಯಚಟುವಟಿಕೆಗೆ ಖರ್ಚಾಗಿರುವುದು, ದೆಹಲಿಯ ನಿಗದಿತ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಖಾತೆ, ಇಷ್ಟೆಲ್ಲ ಬೇಕು. ಸಣ್ಣ ಜಾಲಕ್ಕೆ ಇದು ಸಲ್ಲದ ಭಾರ. ಪಟ್ಟಿಯಲ್ಲಿ "ಪೌರತ್ವ" ಎಂಬ ಕಾಲಂ ಇಟ್ಟದ್ದು ಇದಕ್ಕೇ. ಒಸಿಐ ಇರುವವರ ಹಣ ಬೇಡವೆಂದು ವಿನಯದಿಂದ ಹೇಳಿ. ರಜೆಯಲ್ಲಿ ಬಂದಾಗ ಹುಡುಗರಿಗೆ ಸರ್ವರ್ ನಿರ್ವಹಣೆ ಕಲಿಸಿಕೊಡಲು ಕೇಳಿ.

ಸೇವಾ ಸಹಕಾರಿ ಸಂಘಗಳ ಬಳಿ ಹೋಗುವವರು ಮಹಾಸಭೆಗಳ ಹಂಗಾಮಾದ ಆಗಸ್ಟ್-ಸೆಪ್ಟೆಂಬರಿಗೆ ಎರಡು ತಿಂಗಳು ಮೊದಲೇ ಅರ್ಜಿ ಕೊಡಿ. ಲಾಭ ಹಂಚಿಕೆಯ ಠರಾವು ಆದ ಮೇಲೆ ಅಧ್ಯಕ್ಷರಿಗೂ ಏನೂ ಮಾಡಲಾಗದು. ಗ್ರಾಮ ಪಂಚಾಯಿತಿಯಿಂದ ಹಣಕ್ಕಿಂತ ಜಾಗ ಕೇಳುವುದು ಸುಲಭ: ಅರಿವು ಕೇಂದ್ರದಲ್ಲಿ (ಪಂಚಾಯಿತಿ ಗ್ರಂಥಾಲಯ) ಒಂದು ಕೋಣೆ, ನೀರಿನ ಟ್ಯಾಂಕಿನ ಮೇಲೆ ರೇಡಿಯೋ ಕೂರಿಸಲು ಲಿಖಿತ ಒಪ್ಪಿಗೆ. ಬಾಯಿಮಾತಿನ ಒಪ್ಪಿಗೆ ಮುಂದಿನ ಚುನಾವಣೆವರೆಗೆ ಮಾತ್ರ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಮೊದಲ ವರ್ಷದ ಮಾತಲ್ಲ. ಕಂಪನಿ ಕಾಯ್ದೆ 2013ರ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ನ್ನು ಖರ್ಚು ಮಾಡಬೇಕು ನಿಜ, ಆದರೆ ಪಡೆಯುವ ಸಂಘಕ್ಕೆ 12ಎಬಿ, 80ಜಿ, ಮೂರು ವರ್ಷದ ಅನುಭವ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಇರಬೇಕು. ಐದನೇ ವರ್ಷ ರೇಡಿಯೋಗಳನ್ನು ಒಟ್ಟಿಗೆ ಬದಲಿಸುವಾಗ ಈ ದಾರಿ ಹಿಡಿಯಿರಿ. ತಿಂಗಳ ಖರ್ಚಿಗೆ ಈ ಹಣ ಎಂದೂ ಬೇಡ. ಯೋಜನೆ ಮುಗಿದ ದಿನ ನೋಡಿಕೊಳ್ಳುವ ಹುಡುಗನ ಸಂಬಳವೂ ಮುಗಿಯುತ್ತದೆ.

ಮೊತ್ತದ ಏಣಿ

4,80,000ವನ್ನು 60 ಮನೆಗೆ ಭಾಗಿಸಿ ತಲಾ 8,000 ಎಂದು ಹಾಕಬೇಡಿ. ಕೊಡಬಲ್ಲವರು ಅಷ್ಟಕ್ಕೇ ನಿಲ್ಲುತ್ತಾರೆ, ಕೊಡಲಾಗದವರು ಸಭೆಗೇ ಬರುವುದಿಲ್ಲ. ಏಣಿ ಹೀಗಿರಲಿ: ಒಂದು ಲಕ್ಷದವರು 1, ಐವತ್ತು ಸಾವಿರದವರು 2, ಇಪ್ಪತ್ತೈದು ಸಾವಿರದವರು 4, ಹತ್ತು ಸಾವಿರದವರು 8, ಐದು ಸಾವಿರದವರು 10, ಎರಡು ಸಾವಿರದವರು 25. ಒಟ್ಟು 50 ದಾನಿಗಳು, 4,80,000. ಮೇಲಿನ ಮೂರು ಮೆಟ್ಟಿಲಿನ ಏಳು ಜನರಿಂದಲೇ 3,00,000 ಬರುತ್ತದೆ. ಪ್ರತಿ ಮೆಟ್ಟಿಲಿಗೂ ಮೂರರಿಂದ ನಾಲ್ಕು ಪಟ್ಟು ಹೆಸರು ಬೇಕು. ಇನ್ನೂರರ ಪಟ್ಟಿ ಅದಕ್ಕೇ.

ಮೇಲಿನಿಂದ ಕೆಳಗೆ ಇಳಿಯಿರಿ. ಕೆಳಗಿನಿಂದ ಶುರುಮಾಡಿದರೆ ಒಂದು ಲಕ್ಷ ಕೊಡಬಲ್ಲವರು "ಎಲ್ಲರೂ ಎರಡು ಸಾವಿರ ಕೊಟ್ಟಿದ್ದಾರಲ್ಲ" ಎಂದು ಐದು ಸಾವಿರ ಕೊಟ್ಟು ಮುಗಿಸುತ್ತಾರೆ. ಎಲ್ಲಕ್ಕಿಂತ ಮೊದಲು ಆಡಳಿತ ಮಂಡಳಿಯ ಏಳು ಜನ ತಮ್ಮ ಪಾಲು ಹಾಕಿ ರಸೀದಿ ಪಡೆದಿರಬೇಕು. "ನೀವೆಷ್ಟು ಹಾಕಿದಿರಿ?" ಎಂದು ಕೇಳಿಯೇ ಕೇಳುತ್ತಾರೆ.

ಎರಡನೇ ವರ್ಷದ 1,30,000ಕ್ಕೆ ಚಿಕ್ಕ ಏಣಿ: ಹತ್ತು ಸಾವಿರದ 3, ಐದು ಸಾವಿರದ 8, ಎರಡು ಸಾವಿರದ 30. ಒಟ್ಟು 41 ಜನ. ಮೊದಲ ವರ್ಷದ ಐವತ್ತರಲ್ಲಿ ಅರ್ಧ ಉಳಿದರೆ 25. ಹೊಸಬರು 16 ಬೇಕು. ಮೂವತ್ತೈದು ಉಳಿಸಿಕೊಂಡರೆ ಹೊಸಬರು ಆರೇ ಸಾಕು. ಹಾಗಾಗಿ ಒಬ್ಬ ಹಳೆಯ ದಾನಿಗೆ ಮಾಡುವ ಫೋನ್ ಕರೆ ಹತ್ತು ಕರಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೇಳುವ ಕಾಲ

ಇಲ್ಲಿಯ ಹಣದ ಪಂಚಾಂಗ ಅಡಿಕೆಯದ್ದು. ಅಕ್ಟೋಬರ್ ಕೊನೆಯಿಂದ ಅಡಿಕೆ ಗೊನೆಯ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಆ ದಿನಗಳಲ್ಲಿ ಹಣ ಹೊರಗೆ ಹೋಗುತ್ತಿರುತ್ತದೆ, ಮನೆಯಲ್ಲಿ ಆಳುಗಳಿರುತ್ತಾರೆ. ಆಗ ಹೋಗಬೇಡಿ. ಜನವರಿ ಕಳೆದು ಮ್ಯಾಮ್‌ಕೋಸ್‌ನಂಥ ಮಾರಾಟ ಸಂಘಕ್ಕೋ ಮಂಡಿಗೋ ಅಡಿಕೆ ಹೋಗಿ, ಪಟ್ಟಿಯಾಗಿ ಹಣ ಬರುವ ಫೆಬ್ರುವರಿಯಿಂದ ಏಪ್ರಿಲ್ ಮಧ್ಯದವರೆಗೆ ಕೇಳುವ ಕಾಲ. ಮಾರ್ಚ್ 31ರೊಳಗೆ ಕೊಟ್ಟದ್ದು ಆ ಹಣಕಾಸು ವರ್ಷಕ್ಕೆ ಸೇರುವುದರಿಂದ ನಗರದ ಸಂಬಳದವರಿಗೂ ಇದು ಹೊಂದುತ್ತದೆ. ಏಪ್ರಿಲ್-ಮೇ ಮದುವೆ, ಉಪನಯನ, ಜಾತ್ರೆಗಳ ಖರ್ಚು. ಜೂನಿನಲ್ಲಿ ಶಾಲೆಯ ಫೀಸು, ತೋಟಕ್ಕೆ ಬೋರ್ಡೋ ದ್ರಾವಣ. ಕೊಳೆ ರೋಗ ಅಥವಾ ಎಲೆಚುಕ್ಕಿ ಜೋರಾದ ವರ್ಷ ತೋಟದವರ ಬಳಿ ಮೊತ್ತ ಹೇಳಿ ಕೇಳಬೇಡಿ. ಅವರ ಹೆಸರಿನ ಮುಂದೆ "ಮುಂದಿನ ವರ್ಷ" ಎಂದು ಬರೆದು, ಬಾಗಿಲಿಗೆ ಹೋಗಿ ಜಾಲದ ಸುದ್ದಿ ಮಾತ್ರ ಹೇಳಿ ಬನ್ನಿ. ಆ ಭೇಟಿಯನ್ನು ಅವರು ಮರೆಯುವುದಿಲ್ಲ.

ಸಹಾಯಾರ್ಥ ಯಕ್ಷಗಾನ ಅಥವಾ ತಾಳಮದ್ದಲೆ ಇಟ್ಟರೆ ಜನ ಸೇರುತ್ತಾರೆ, ಆದರೆ ಕಲಾವಿದರ ಸಂಭಾವನೆ, ಶಾಮಿಯಾನ, ಊಟ ಕಳೆದರೆ ಉಳಿಯುವುದು ಕಡಿಮೆ. ಅದನ್ನು ಹಣಕ್ಕಾಗಿ ಮಾಡಬೇಡಿ, ಇನ್ನೂರರ ಪಟ್ಟಿಗೆ ಹೊಸ ಹೆಸರು ಸೇರಿಸಲು ಮಾಡಿ. ಬಾಗಿಲಲ್ಲಿ ಇಬ್ಬರು ಕೂತು ಹೆಸರು, ಊರು, ಫೋನ್ ಬರೆದುಕೊಳ್ಳಲಿ.

ಬಾಗಿಲಲ್ಲಿ ನಿಂತಾಗ

ಇಬ್ಬರು ಹೋಗಿ: ಒಬ್ಬರು ಆ ಮನೆಗೆ ಬೇಕಾದವರು, ಇನ್ನೊಬ್ಬರು ತಂತ್ರ ಗೊತ್ತಿರುವವರು. ಐದು ಜನ ಹೋದರೆ ಅದು ಒತ್ತಾಯ. ಕಾಫಿ ಕುಡಿದು, ತೋಟದ ಮಾತಾಡಿ, ಆಮೇಲೆ ನೇರವಾಗಿ:

"ಗೌಡ್ರೇ, ಗುಡ್ಡದ ಮೇಲಿನ ಬ್ಯಾಟರಿ ಈ ಮಳೆಗಾಲ ದಾಟಲ್ಲ. ಹೊಸದಕ್ಕೆ ಇಪ್ಪತ್ತು ಸಾವಿರ. ಹತ್ತು ಸಾವಿರ ಕೂಡಿದೆ. ಉಳಿದ ಹತ್ತು ನಿಮ್ಮಿಂದ ಆಗತ್ತಾ ಅಂತ ಕೇಳೋಣ ಅಂತ ಬಂದ್ವಿ."

ಹೇಳಿ ಸುಮ್ಮನೆ ಕೂತುಕೊಳ್ಳಿ. ಮೌನ ತಡೆಯಲಾಗದೆ "ಇಲ್ಲಾಂದ್ರೆ ಐದಾದ್ರೂ ಕೊಡಿ" ಎಂದು ನೀವೇ ಇಳಿಸಿದರೆ ಐದೇ ಬರುತ್ತದೆ. "ಮನೇಲಿ ಕೇಳಿ ಹೇಳ್ತೀನಿ" ಎಂದರೆ "ಹಾಗಾದ್ರೆ ಭಾನುವಾರ ಬರ್ಲಾ?" ಎಂದು ದಿನ ಗೊತ್ತುಮಾಡಿಕೊಂಡೇ ಎದ್ದೇಳಿ. ಮನೆಯ ಅಮ್ಮನವರು ಒಳಗಿದ್ದರೆ ಕರೆಸಿ ಕೂರಿಸಿಕೊಂಡು ಮಾತಾಡಿ. ಫೋನಿನಲ್ಲಿ ಮೊಮ್ಮಕ್ಕಳ ಮುಖ ನೋಡುವವರು ಅವರೇ, ಎಷ್ಟೋ ಮನೆಗಳಲ್ಲಿ ಕೊನೆಯ ಮಾತೂ ಅವರದ್ದೇ. ಸ್ತ್ರೀಶಕ್ತಿ ಸಂಘಗಳ ಸಭೆಗೆ ಹೆಣ್ಣುಮಕ್ಕಳೇ ಹೋಗಿ ಮಾತಾಡಲಿ.

ಹಣದ ಬದಲು ಕೆಲಸ ಕೊಡುವವರನ್ನು ಕೆಳಗಿಡಬೇಡಿ. ಮುಯ್ಯಾಳಿನ ರೂಢಿ ಇರುವ ಸೀಮೆ ಇದು. ಇಂಗ್ಲೆಂಡಿನ ಲ್ಯಾಂಕಾಷೈರಿನ ಹಳ್ಳಿಗಳಲ್ಲಿ ಬಿ4ಆರ್‌ಎನ್ ಎಂಬ ಸಮುದಾಯ ಸಂಸ್ಥೆಯ ಫೈಬರ್ ಎಳೆದಾಗ ಊರವರು ಷೇರು ಕೊಂಡದ್ದಷ್ಟೇ ಅಲ್ಲ, ತಮ್ಮ ಹೊಲಗಳಲ್ಲಿ ತಾವೇ ಕಾಲುವೆ ತೋಡಿದರು. ಕಂಬಕ್ಕೆ ಗುಂಡಿ, ಮರಳು ಹೊರುವುದು, ಕೇಬಲ್ಲಿಗೆ ಅಡ್ಡ ಬಂದ ಕೊಂಬೆ ಸವರುವುದು ಇವಕ್ಕೆ ದಿನದ ಕೂಲಿ ದರ ಕಟ್ಟಿ ವರದಿಯಲ್ಲಿ ಹೆಸರು ಸಮೇತ ಬರೆಯಿರಿ. ಅಡಿಕೆ ಗೊನೆ ಕೊಯ್ಯುವವರಷ್ಟು ಚೆನ್ನಾಗಿ ಎತ್ತರದಿಂದ ನೋಟದ ಸಾಲು (ಒಂದು ರೇಡಿಯೋಗೆ ಇನ್ನೊಂದು ಅಡ್ಡಿಯಿಲ್ಲದೆ ಕಾಣುವ ನೇರ ದಾರಿ) ಹೇಳುವವರು ಬೇರೆ ಇಲ್ಲ. ಒದ್ದೆ ಅಡಿಕೆ ಸೋಗೆ ಐದು ಗಿಗಾಹರ್ಟ್ಸ್ ಅಲೆಯನ್ನು ನುಂಗುವುದರಿಂದ ಈ ಸಾಲು ತಪ್ಪಿದರೆ ಜೂನಿನಲ್ಲಿ ಜಾಲ ನಿಂತಂತೆ.

ಹಳೆಯ ಕಂಪ್ಯೂಟರ್ ಕೊಡುತ್ತೇವೆಂದು ಬರುವ ಕಂಪನಿಗಳಿಗೆ ಕೂಡಲೇ ಹೂಂ ಅನ್ನಬೇಡಿ. ವಸ್ತುದಾನಕ್ಕೆ 80ಜಿ ಇಲ್ಲ ಎಂಬುದನ್ನು ಮೊದಲೇ ತಿಳಿಸಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಚೆನ್ನಾಗಿರುವ ಯಂತ್ರಗಳೂ ಬಹಳ ಹೊರಬೀಳುತ್ತಿವೆ. ಉಚಿತವಾಗಿ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿದರೆ ಅವು ಇನ್ನೂ ಕೆಲವು ವರ್ಷ ದುಡಿಯಬಲ್ಲವು. ಬ್ಯಾಟರಿಯಲ್ಲಿ ನಡೆಸಬೇಕಾದ ನಿಮಗೆ ಲ್ಯಾಪ್‌ಟಾಪ್ ಅಥವಾ ಸಣ್ಣ ಡಬ್ಬಿಯ ಕಂಪ್ಯೂಟರ್ ಸಾಕು, ದೊಡ್ಡ ಟವರ್‌ಗಳು ಬೇಡ. ಕನಿಷ್ಠ 8 ಜಿಬಿ ಮೆಮೊರಿ, ಎಸ್‌ಎಸ್‌ಡಿ, ಚಾರ್ಜರ್ ಸಮೇತ ಎಂದು ಲಿಖಿತವಾಗಿ ಕೇಳಿ. ಕೆಟ್ಟ ಯಂತ್ರ ಪಡೆದರೆ ಅದನ್ನು ವಿಲೇವಾರಿ ಮಾಡುವ ಖರ್ಚೂ ನಿಮ್ಮ ತಲೆಗೇ.

ರಸೀದಿ, ಪ್ಯಾನ್ ಮತ್ತು ಮೇ 31

ಹಣ ಬಂದ ಎರಡು ದಿನದೊಳಗೆ ರಸೀದಿ. ಸಂಖ್ಯೆ, ದಿನಾಂಕ, ದಾನಿಯ ಹೆಸರು-ವಿಳಾಸ, ಮೊತ್ತ, ಹೇಗೆ ಬಂತು, ಯುಪಿಐ ಆಗಿದ್ದರೆ ಆ ಪಾವತಿಯ ಗುರುತಾದ ಯುಟಿಆರ್ ಸಂಖ್ಯೆ, ಯಾವ ಕೆಲಸಕ್ಕೆ. 2,000 ರೂಪಾಯಿ ಮೀರಿದ ನಗದಿಗೆ 80ಜಿ ಕಡಿತ ಸಿಗುವುದಿಲ್ಲ. ತೆರಿಗೆ ಕಡಿತ ಬೇಕೆನ್ನುವವರು ಚೆಕ್ ಅಥವಾ ಯುಪಿಐ ಮೂಲಕವೇ ಕೊಡಲಿ. ಅದೇ ಹೊತ್ತಿಗೆ ಪ್ಯಾನ್ ಬರೆದುಕೊಳ್ಳಿ. ವರ್ಷದ ದಾನಿಗಳ ಪಟ್ಟಿಯಾದ ಫಾರಂ 10ಬಿಡಿಯನ್ನು ಮೇ 31ರೊಳಗೆ ಸಲ್ಲಿಸಿ, ಪ್ರತಿ ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ದಾನಿಗೆ ಕಡಿತವೂ ಇಲ್ಲ. ಫೆಬ್ರುವರಿಯಲ್ಲಿ ಕೇಳದ ಪ್ಯಾನನ್ನು ಮೇ ತಿಂಗಳಲ್ಲಿ ಐವತ್ತು ಜನರ ಹಿಂದೆ ಬಿದ್ದು ಪಡೆಯುವುದು ಹಿಂಸೆ, ದಾನಿಗಳೂ ಬೇಸರಪಡುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಯುಪಿಐ ಹೆಸರುಗಳು ಅರ್ಧಂಬರ್ಧ ಬರುತ್ತವೆ, ಗಂಡನ ಫೋನಿಂದ ಹೆಂಡತಿಯ ದಾನ ಬಂದಿರುತ್ತದೆ. ಆದ್ದರಿಂದ ಪ್ರತಿ ಭಾನುವಾರ ಪಾಸ್‌ಬುಕ್ ಮತ್ತು ರಸೀದಿ ಪುಸ್ತಕ ತಾಳೆ ಹಾಕಿ.

ಹೆಸರು ಬೇಡ ಎನ್ನುವವರ ಹೆಸರನ್ನು ಫಲಕದಲ್ಲಿ ಹಾಕಬೇಡಿ, ಪುಸ್ತಕದಲ್ಲಿ ಮಾತ್ರ ಬರೆಯಲೇಬೇಕು. ಅನಾಮಧೇಯ ದಾನ ವರ್ಷದ ಒಟ್ಟು ದಾನದ ನೂರಕ್ಕೆ 5 ಅಥವಾ ಒಂದು ಲಕ್ಷ, ಯಾವುದು ಹೆಚ್ಚೋ ಅದನ್ನು ಮೀರಿದರೆ ಮೀರಿದ ಭಾಗಕ್ಕೆ ನೂರಕ್ಕೆ 30 ತೆರಿಗೆ.

ದೇವಸ್ಥಾನದ ಶಾಶ್ವತ ಸೇವೆಯ ಮಾದರಿ ಇಲ್ಲಿಯೂ ಒಪ್ಪುತ್ತದೆ. ತಂದೆತಾಯಿಯ ನೆನಪಿಗೆ 25,000 ಇಟ್ಟರೆ ಅದರ ಬಡ್ಡಿಯಲ್ಲಿ ಪ್ರತಿವರ್ಷ ಅವರ ಹೆಸರಿನ ದಿನ ಗ್ರಂಥಾಲಯದಲ್ಲಿ ಮಕ್ಕಳ ತರಬೇತಿ. ಆದರೆ "ಇದು ಮೂಲನಿಧಿಗೆ" ಎಂದು ದಾನಿಯಿಂದಲೇ ಲಿಖಿತವಾಗಿ ಪಡೆಯಿರಿ ಮತ್ತು ಬ್ಯಾಂಕಿನಲ್ಲಿ ಬೇರೆಯೇ ಠೇವಣಿ ಇಡಿ. ಅಸಲು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಸಿಡಿಲು ಹೊಡೆದ ವರ್ಷವೂ ಮುಟ್ಟಬಾರದು. ಸಿಡಿಲಿನ 16,000 ಬೇರೆ ಎತ್ತಿಟ್ಟದ್ದು ಇದಕ್ಕೇ.

ಕೆಡುವುದು ಎಲ್ಲಿ

ಒಬ್ಬರೇ ಸಾಹುಕಾರರು ಎಲ್ಲವನ್ನೂ ಕೊಡುತ್ತೇನೆ ಎಂದಾಗ ಸಂತೋಷಪಟ್ಟು ಏಣಿಯನ್ನು ಮಡಿಸಿಡುವುದು ಮೊದಲ ತಪ್ಪು. ಆಮೇಲೆ ಜಾಲ ಅವರದ್ದಾಗುತ್ತದೆ; ಅವರಿಗೆ ಆಗದ ಮನೆಗೆ ಸಂಪರ್ಕ ಕೊಡಲು ನೀವು ಹಿಂಜರಿಯುತ್ತೀರಿ. ಯಾರಿಂದಲೂ ಒಟ್ಟು ಗುರಿಯ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪಡೆಯುವುದಿಲ್ಲ ಎಂದು ಮೊದಲ ಸಭೆಯಲ್ಲೇ ಠರಾವು ಮಾಡಿ, ಆಗ ಇಲ್ಲವೆನ್ನಲು ನಿಮಗೆ ನೆಲೆ ಇರುತ್ತದೆ. ಪಂಚಾಯಿತಿ ಚುನಾವಣೆ ಹತ್ತಿರವಿದ್ದಾಗ ಅಭ್ಯರ್ಥಿಗಳ ಹಣ ಪಡೆಯುವುದು ಅದಕ್ಕಿಂತ ಕೆಟ್ಟದ್ದು. ಊರು ಎರಡಾದರೆ ಕಂಬ ಒಂದು ಪಕ್ಷದ್ದಾಗುತ್ತದೆ.

ಇನ್ನೊಂದು, "ಜೀವನಪೂರ್ತಿ ಉಚಿತ" ಎಂಬ ಮಾತು. ಜಾಗ ಕೊಟ್ಟವರಿಗೂ ಹೀಗೆ ಹೇಳಬೇಡಿ. ಮೂರು ವರ್ಷಕ್ಕೊಮ್ಮೆ ನವೀಕರಿಸುವ ಒಪ್ಪಂದ ಬರೆಯಿರಿ.

ಧನ್ಯವಾದಕ್ಕೂ ಮುಂದಿನ ಕೋರಿಕೆಗೂ ನಡುವೆ ಒಂದು ವರದಿ ಇರಲೇಬೇಕು. ಅದನ್ನು ಜುಲೈ-ಆಗಸ್ಟಿನಲ್ಲಿ, ಮಳೆ ಹೊಡೆಯುತ್ತಿರುವಾಗಲೇ ಕಳಿಸಿ. ಒಂದು ಪುಟ ಸಾಕು: ಎಷ್ಟು ಬಂತು, ಯಾವುದಕ್ಕೆ ಹೋಯಿತು, ಜಾಲ ಎಷ್ಟು ದಿನ ನಿಂತಿತ್ತು, ಏಕೆ ನಿಂತಿತ್ತು. ನಿಂತ ದಿನಗಳನ್ನು ಮುಚ್ಚಿಡಬೇಡಿ. ಒಂಬತ್ತು ದಿನ ನಿಂತದ್ದು ಈ ವರ್ಷ ಎರಡು ದಿನಕ್ಕೆ ಇಳಿದಿದ್ದರೆ ಬ್ಯಾಟರಿ ಕೊಟ್ಟವರಿಗೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ. ಬ್ಯಾಟರಿಯ ಮೇಲೆ ಹಾಕಿದ ದಿನಾಂಕ ಬರೆದ ಫೋಟೋ ಜೊತೆಗಿರಲಿ. ಅದೇ ಪುಟವನ್ನು ಅರಿವು ಕೇಂದ್ರದ ಬಾಗಿಲಿಗೂ ಹಾಲಿನ ಡೇರಿಯ ಗೋಡೆಗೂ ಅಂಟಿಸಿ. ಈ ವರದಿಯಲ್ಲಿ ಹಣ ಕೇಳಬೇಡಿ. ಕ್ಯೂಆರ್ ಕೂಡ ಬೇಡ. ಮುಂದಿನ ಫೆಬ್ರುವರಿಯಲ್ಲಿ ಪಟ್ಟಿ ಹಿಡಿದು ಮೊದಲ ಮನೆಗೆ ಹೋಗುವಾಗ ಈ ಪುಟದ ಇನ್ನೊಂದು ಪ್ರತಿ ಕಿಸೆಯಲ್ಲಿರಲಿ.